ಕಂಬ ಹತ್ತುವವನ ಸಂಬಳ, ಕಂಪನಿಯವನ ಸಂಬಳ: ದೊಡ್ಡಪ್ಪನವರ ಮಾತಿಗೆ ಉತ್ತರ

ದೊಡ್ಡಪ್ಪ, ನಮಸ್ಕಾರ. ಗುಂಪಿನಲ್ಲಿರುವ ಎಲ್ಲ ಹಿರಿಯರಿಗೂ ನಮಸ್ಕಾರ. ನೀವು ನಿನ್ನೆ ರಾತ್ರಿ ಧ್ವನಿ ಸಂದೇಶದಲ್ಲಿ ಕಳುಹಿಸಿದ ಮಾತನ್ನು ಪೂರ್ತಿ ಕೇಳಿದೆ. ಅಣ್ಣನ ಮಗನ ಕೈಯಲ್ಲಿ ಈಗ ಎರಡು ಪತ್ರಗಳಿವೆ. ಒಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯದು, ಇನ್ನೊಂದು ನಮ್ಮ ಭಾಗಕ್ಕೆ ವಿದ್ಯುತ್ ಕೊಡುವ ಸರ್ಕಾರಿ ಕಂಪನಿ ಮೆಸ್ಕಾಂನಲ್ಲಿ ಕಿರಿಯ ಪವರ್‌ಮ್ಯಾನ್, ಅಂದರೆ ಲೈನ್‌ಮನ್ ಹುದ್ದೆಗೆ ಆಯ್ಕೆಯಾಗಿರುವುದು. "ಇಂಜಿನಿಯರಿಂಗ್ ಓದಿದ ಹುಡುಗ ಕಂಬ ಹತ್ತಬೇಕೇ? ಕಂಪನಿಯವರು ವರ್ಷಕ್ಕೆ 3,60,000 ಕೊಡುತ್ತಾರೆ, ತಿಂಗಳಿಗೆ 30,000 ಆಯಿತು, ಲೈನ್‌ಮನ್‌ಗೆ ಎಷ್ಟು ಬಂದೀತು?" ಎಂದು ಕೇಳಿದಿರಿ. ಅತ್ತೆ, ಚಿಕ್ಕಪ್ಪ ಎಲ್ಲರೂ ಅದಕ್ಕೆ ಹೌದು ಎಂದಿದ್ದಾರೆ. ಸಂಬಳದ ಪಟ್ಟಿ ತಯಾರಿಸುವುದೇ ನನ್ನ ಉದ್ಯೋಗವಾದ್ದರಿಂದ ಈ ವಿಷಯದಲ್ಲಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ಮೊದಲು ಆ 3,60,000ದ ಲೆಕ್ಕ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಬರುವ 30,000 ರೂಪಾಯಿ ಯಾವ ತಿಂಗಳೂ ಹುಡುಗನ ಬ್ಯಾಂಕ್ ಖಾತೆಗೆ ಬರುವುದಿಲ್ಲ. ಪತ್ರದಲ್ಲಿ ಸಿಟಿಸಿ ಎಂದು ಬರೆದಿರುತ್ತಾರೆ. ಅದು ಆ ಹುಡುಗನಿಗಾಗಿ ಕಂಪನಿ ವರ್ಷದಲ್ಲಿ ಮಾಡುವ ಒಟ್ಟು ಖರ್ಚೇ ಹೊರತು ಅವನ ಸಂಬಳವಲ್ಲ. ಮೂಲ ವೇತನ 15,000 ಎಂದು ಇಟ್ಟುಕೊಳ್ಳಿ. ಕಂಪನಿ ತನ್ನ ಪಾಲಿನ ಪಿಎಫ್ ಎಂದು ಅದರ ಶೇಕಡಾ 12, ಅಂದರೆ 1,800 ರೂಪಾಯಿಯನ್ನು ಈ 30,000ದೊಳಗೇ ಸೇರಿಸಿರುತ್ತದೆ. ಗ್ರಾಚ್ಯುಟಿ ಎಂದು ಮೂಲ ವೇತನದ ಶೇಕಡಾ 4.81, ಅಂದರೆ 720 ರೂಪಾಯಿಯಷ್ಟನ್ನು ಸೇರಿಸಿರುತ್ತದೆ. ಕಾಯಂ ನೌಕರನಿಗೆ ಆ ಹಣ ಸಿಗುವುದು ಐದು ವರ್ಷ ಸೇವೆ ಮುಗಿಸಿದರೆ ಮಾತ್ರ, ಹುಡುಗರು ಎರಡು ಮೂರು ವರ್ಷಕ್ಕೇ ಕಂಪನಿ ಬದಲಿಸುವ ಕಾಲದಲ್ಲಿ ಅದು ಬಹುಪಾಲು ಜನರಿಗೆ ಕಾಗದದ ಮೇಲೆಯೇ ಉಳಿದುಬಿಡುತ್ತದೆ. ಆರೋಗ್ಯ ವಿಮೆಯ ಕಂತೂ ಅದರಲ್ಲೇ ಇರುತ್ತದೆ, ತಿಂಗಳಿಗೆ 500 ಎಂದುಕೊಳ್ಳೋಣ. ಇನ್ನು ವೇರಿಯಬಲ್ ಪೇ. ಕಂಪನಿಯ ವ್ಯವಹಾರ ಚೆನ್ನಾಗಿ ನಡೆದು, ಮೇಲಧಿಕಾರಿಯೂ ಕೆಲಸ ಚೆನ್ನಾಗಿದೆ ಎಂದು ಬರೆದರೆ, ಮೂರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕೊಡುವ ಹಣವದು. ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲು ಎಂದರೂ ತಿಂಗಳಿಗೆ 3,000 ರೂಪಾಯಿ ಅಲ್ಲಿಗೆ ಹೋಯಿತು. ಇವೆಲ್ಲ ಕಳೆದು ಉಳಿಯುವುದು ಸುಮಾರು 24,000. ಅದರಲ್ಲಿ ಹುಡುಗನ ಸ್ವಂತ ಪಾಲಿನ ಪಿಎಫ್ ಮತ್ತೆ 1,800 ಕಡಿತವಾಗಿ ಕೈಗೆ ಬರುವುದು 22,000ದ ಆಸುಪಾಸು. ನಮ್ಮ ರಾಜ್ಯದಲ್ಲಿ ತಿಂಗಳಿಗೆ 25,000 ಮುಟ್ಟದವರಿಗೆ ವೃತ್ತಿ ತೆರಿಗೆ ಇಲ್ಲ, ಅದೊಂದು ಉಳಿಯಿತು. ಬೆಂಗಳೂರಿನ ಪಿಜಿಯಲ್ಲಿ ಇಬ್ಬರು ಮೂವರು ಸೇರಿ ಇರುವ ಕೋಣೆಗೆ ಊಟವೂ ಸೇರಿ ಎಂಟು ಹತ್ತು ಸಾವಿರ ಕೊಟ್ಟ ಮೇಲೆ ಮನೆಗೆ ಎಷ್ಟು ಕಳುಹಿಸಬಹುದೆಂದು ನೀವೇ ಅಂದಾಜು ಮಾಡಿ.

ಇನ್ನೂ ಒಂದು ಮಾತು ಹೇಳಬೇಕು. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಹತ್ತು ಹನ್ನೆರಡು ವರ್ಷಗಳ ಹಿಂದೆಯೂ ಮೂರು, ಮೂರೂಕಾಲು ಲಕ್ಷವನ್ನೇ ಕೊಡುತ್ತಿದ್ದವು, ಈಗಲೂ ಹೆಚ್ಚುಕಡಿಮೆ ಅಲ್ಲಿಯೇ ನಿಂತಿವೆ. 2012ರ ಸುಮಾರಿಗೆ 10 ಗ್ರಾಂ ಚಿನ್ನಕ್ಕೆ 30,000 ರೂಪಾಯಿ ಆಸುಪಾಸು ಇತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಆ ಕಾಲದ ಹುಡುಗರು ಸಾಫ್ಟ್‌ವೇರ್ ಸಂಬಳದಿಂದ ಮನೆ ಕಟ್ಟಿಸಿದ್ದನ್ನು, ತಂಗಿಯರ ಮದುವೆ ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ನೆನಪಿನಲ್ಲೇ ಇವತ್ತಿನ ಹುಡುಗನ ಪತ್ರವನ್ನು ಓದುತ್ತಿದ್ದೇವೆ, ತೊಂದರೆ ಇರುವುದು ಅಲ್ಲಿ.

ಈಗ ಪವರ್‌ಮ್ಯಾನ್ ಹುದ್ದೆಯ ಮಾತಿಗೆ ಬರುತ್ತೇನೆ. ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಮೆಸ್ಕಾಂನಂಥ ಕಂಪನಿಗಳಿಗೂ ಸೇರಿಸಿ 2024ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಇದಕ್ಕೆ ಬೇಕಾದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ, ಆಯ್ಕೆಯೂ ಅದೇ ಅಂಕಗಳ ಮೇಲೆ. ಆದರೆ ಅದಕ್ಕೂ ಮೊದಲು 8 ಮೀಟರ್ ಎತ್ತರದ ಕಂಬ ಹತ್ತಿ ತೋರಿಸಲೇಬೇಕು, ಅದರಲ್ಲಿ ಸೋತವರಿಗೆ ಎಷ್ಟು ಅಂಕವಿದ್ದರೂ ಪ್ರಯೋಜನವಿಲ್ಲ. ಮೊದಲ ಮೂರು ವರ್ಷ ತರಬೇತಿಯ ಅವಧಿ. ಆಗ ಸಿಗುವುದು ಮೊದಲ ವರ್ಷ ತಿಂಗಳಿಗೆ 17,000, ಎರಡನೆಯ ವರ್ಷ 19,000, ಮೂರನೆಯ ವರ್ಷ 21,000. ಇಲ್ಲಿಯವರೆಗೆ ನಿಮ್ಮ ಮಾತೇ ಸರಿ, ಕಂಪನಿಯ ಸಂಬಳ ಸ್ವಲ್ಪ ಮೇಲಿದೆ. ಆದರೆ ತರಬೇತಿ ಮುಗಿದ ಮೇಲೆ ವೇತನ ಶ್ರೇಣಿ 28,550ರಿಂದ 63,000. ಶುರುವಿನ ಆ 28,550 ಮೂಲ ವೇತನ ಮಾತ್ರ, ದೊಡ್ಡಪ್ಪ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅದರ ಮೇಲೆ ಬರುತ್ತವೆ, ವರ್ಷಕ್ಕೊಮ್ಮೆ ವೇತನ ಬಡ್ತಿ ಬರುತ್ತದೆ, ಕೆಲವು ವರ್ಷಗಳಿಗೊಮ್ಮೆ ವೇತನ ಪರಿಷ್ಕರಣೆಯಾಗುತ್ತದೆ. ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಶೇಕಡಾ 10 ಕಡಿತವಾದರೂ ಸಂಸ್ಥೆ ತನ್ನ ಪಾಲನ್ನು ಬೇರೆಯಾಗಿ ಹಾಕುತ್ತದೆ, ಹುಡುಗನ ಸಂಬಳದೊಳಗಿಂದ ತೆಗೆದು ಹಾಕುವುದಿಲ್ಲ. ನಾಲ್ಕನೆಯ ವರ್ಷದಿಂದ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಸ್ವಂತ ಊರಿನ ಹತ್ತಿರವಿದ್ದು, ಪಿಜಿ ಖರ್ಚಿಲ್ಲದೆ ಈ ಸಂಬಳ ಪಡೆಯುವವನನ್ನು ನಾವು ಮದುವೆ ಮಾತುಕತೆಯಲ್ಲಿ "ಬರೀ ಲೈನ್‌ಮನ್" ಎಂದು ಪಕ್ಕಕ್ಕೆ ಸರಿಸುತ್ತಿದ್ದೇವೆ.

ಹಾಗೆಂದು ಆ ಸಂಬಳ ಸುಲಭದ್ದು ಎಂದು ನಾನು ಹೇಳುವುದಿಲ್ಲ, ಹೇಳಿದರೆ ಹುಡುಗನಿಗೆ ಅನ್ಯಾಯವಾಗುತ್ತದೆ. ನಮ್ಮ ಮಲೆನಾಡಿನ ಆಷಾಢದ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರ ಬಿದ್ದು ತಂತಿ ಹರಿದಾಗ ಮೊದಲು ಎಲ್‌ಸಿ ತೆಗೆದುಕೊಳ್ಳಬೇಕು, ಅಂದರೆ ಸಬ್‌ಸ್ಟೇಷನ್‌ನವರು ಆ ಮಾರ್ಗದ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಅನುಮತಿ ಕೊಡಬೇಕು. ಆಮೇಲೆ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಅರ್ತಿಂಗ್ ಮಾಡಿ, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಿ, ನಂತರವೇ ಕಂಬಕ್ಕೆ ಕಾಲಿಡಬೇಕು. ಎಲ್‌ಸಿ ಸಿಕ್ಕಿದ್ದರೂ ಯಾರದೋ ಮನೆಯಲ್ಲಿ ಸರಿಯಾಗಿ ಜೋಡಿಸದ ಜನರೇಟರ್ ಓಡುತ್ತಿದ್ದರೆ ಸತ್ತ ತಂತಿಯಲ್ಲಿ ಹಿಮ್ಮುಖವಾಗಿ ವಿದ್ಯುತ್ ಹರಿದು ಬರಬಹುದು; ಇಂಥ ಕಾರಣಕ್ಕೆ ಪ್ರಾಣ ಕಳೆದುಕೊಂಡವರಿದ್ದಾರೆ. ಅದಕ್ಕಾಗಿಯೇ ಅರ್ತಿಂಗ್ ಮಾಡದೆ ಕಂಬ ಹತ್ತಬಾರದು ಎಂದು ಹಿರಿಯ ಲೈನ್‌ಮನ್‌ಗಳು ಹೊಸಬರಿಗೆ ಮತ್ತೆ ಮತ್ತೆ ಹೇಳುವುದು. ಹೆಲ್ಮೆಟ್, ರಬ್ಬರ್ ಕೈಗವಸು, ಸುರಕ್ಷತಾ ಬೆಲ್ಟ್ ಇವನ್ನು ಮೈಮೇಲೆ ಹಾಕಿಕೊಂಡೇ ಕೆಲಸ ಮಾಡುವೆನೆಂದು ಹುಡುಗ ನಮಗೆಲ್ಲ ಮಾತು ಕೊಡಬೇಕು. ಆ ಮಾತಿಗೆ ಸಂಬಳಕ್ಕಿಂತ ಹೆಚ್ಚಿನ ಬೆಲೆಯಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಅದೇ ಮಳೆಯಲ್ಲಿ ಅದೇ ಜೀಪಿನಿಂದ ಇಳಿದು, ಬಿದ್ದ ಮರ ಕಡಿಯುವ, ಕಂಬ ಹೊರುವ ಗುತ್ತಿಗೆ ಕಾರ್ಮಿಕನಿಗೆ ಈ ವೇತನ ಶ್ರೇಣಿ ಇಲ್ಲ. ಗುತ್ತಿಗೆದಾರ ಕೊಟ್ಟಷ್ಟೇ ಅವನ ಪಾಲು. ನೋಡುವವರ ಕಣ್ಣಿಗೆ ಇಬ್ಬರೂ "ಕರೆಂಟಿನವರು". ಹುದ್ದೆ ಕಾಯಂ ಹೌದೋ ಅಲ್ಲವೋ ಎಂಬ ಒಂದು ಪ್ರಶ್ನೆಯ ಮೇಲೆ ಎರಡು ಮನೆಗಳ ಜೀವನ ಬೇರೆಯಾಗುತ್ತದೆ. ನಾನು ಈ ಉತ್ತರವನ್ನು ಇಷ್ಟು ಉದ್ದ ಹೇಳುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ನಾವು ಕೆಲಸದ ಬಟ್ಟೆ ನೋಡಿ, ಓದು ನೋಡಿ, ಊರು ನೋಡಿ ಸಂಬಳವನ್ನು ಊಹಿಸುತ್ತೇವೆ. ಸಂಬಳ ನಿರ್ಧಾರವಾಗುವುದು ನೇಮಕಾತಿ ಯಾವ ಬಗೆಯದು ಎಂಬುದರಿಂದ.

ಪೌರಕಾರ್ಮಿಕರ ವಿಷಯವನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಪತ್ರ ಕೊಟ್ಟರು. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರದ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿದೆ. ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಶೇಕಡಾ 20, ಅಂದರೆ ಇನ್ನೂ 5,400. ಅದರ ಮೇಲೆ ತುಟ್ಟಿಭತ್ಯೆ. ಬೆಳಗಿನ ಜಾವ ಬೀದಿ ಗುಡಿಸುವ ತಾಯಿ ಆ ಶ್ರೇಣಿಯೊಳಗೆ ಬಂದರೆ, ಅದೇ ಬೀದಿಯಲ್ಲಿ ಕ್ಯಾಬ್‌ಗಾಗಿ ಕಾಯುವ ಹೊಸ ಇಂಜಿನಿಯರ್‌ಗಿಂತ ಹೆಚ್ಚು ಸಂಬಳ ಪಡೆಯುತ್ತಾಳೆ. ನನಗೆ ಇದು ಬಹಳ ಸಂತೋಷದ ವಿಷಯ. ಊರನ್ನು ಶುಚಿಯಾಗಿಡುವವರಿಗೆ ಅಷ್ಟು ಸಿಗಲೇಬೇಕು. ಆದರೆ ಕಸದ ಗಾಡಿಯ ಚಾಲಕರು, ಸಹಾಯಕರು ಅನೇಕರು ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ ಎಂಬುದನ್ನೂ ಮರೆಯಬಾರದು.

ಇದಕ್ಕೆ ತದ್ವಿರುದ್ಧವಾದದ್ದು ಅತಿಥಿ ಉಪನ್ಯಾಸಕರ ಸ್ಥಿತಿ. "ಹುಡುಗ ಡಿಗ್ರಿ ಕಾಲೇಜಿನಲ್ಲಿ ಲೆಕ್ಚರರ್" ಎಂದರೆ ಸಭೆಯಲ್ಲಿ ಎಲ್ಲರೂ ತಲೆದೂಗುತ್ತಾರೆ. 2022ರ ಜನವರಿಯವರೆಗೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11,000 ಅಥವಾ 13,000 ರೂಪಾಯಿ. ಆಗ ಅದನ್ನು ಅರ್ಹತೆ ಮತ್ತು ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿದರು, 2024ರಲ್ಲಿ ಇನ್ನಷ್ಟು ಹೆಚ್ಚಿಸಿದರು. ಆದರೂ ಅದು ವರ್ಷದ ಹನ್ನೆರಡು ತಿಂಗಳ ಸಂಬಳವಲ್ಲ. ಕಾಲೇಜು ನಡೆಯುವ ತಿಂಗಳುಗಳಿಗೆ ಕೊಡುವ ಗೌರವಧನ. ಪಿಎಚ್‌.ಡಿ. ಮಾಡಿ, ನೆಟ್ ಪಾಸಾಗಿ, ಪಕ್ಕದ ಕೋಣೆಯ ಕಾಯಂ ಉಪನ್ಯಾಸಕರು ಕಲಿಸುವ ಪಾಠವನ್ನೇ ಕಲಿಸುವ ಈ ಜನ 2023ರ ಕೊನೆಯಲ್ಲಿ ತರಗತಿ ಬಿಟ್ಟು ಸೇವೆ ಕಾಯಂ ಮಾಡಿ ಎಂದು ಧರಣಿ ಕೂರಬೇಕಾಯಿತು. ಕರಿ ಕೋಟು ಹಾಕಿದ ಕಿರಿಯ ವಕೀಲರದ್ದೂ ಹೀಗೆಯೇ. ಕಿರಿಯರಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹಿರಿಯ ವಕೀಲರಿಗೆ ಸಲಹೆ ಮಾಡಬೇಕಾಯಿತು. ಅದೂ ಸಲಹೆಯೇ ಹೊರತು ಕಡ್ಡಾಯವಲ್ಲ.

ಚಿಕ್ಕಮ್ಮ, ನಿಮ್ಮ ಸೊಸೆ ಆಶಾ ಕಾರ್ಯಕರ್ತೆಯಾಗಿ ದುಡಿಯುತ್ತಿರುವುದರಿಂದ ಈ ಮಾತನ್ನು ನಿಮ್ಮೆದುರು ಹೇಳಲು ಸಂಕೋಚವಿಲ್ಲ. ಗುಲಾಬಿ ಸೀರೆ ಕಂಡವರೆಲ್ಲ "ಅವಳಿಗೇನಮ್ಮ, ಸರ್ಕಾರಿ ಕೆಲಸ" ಎನ್ನುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ರಾಜ್ಯ ಕೊಡುವ ನಿಗದಿತ ಗೌರವಧನ ತಿಂಗಳಿಗೆ 5,000 ಇತ್ತು, ಉಳಿದದ್ದು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಮೂರನೆಯ ದಿನ, ಏಳನೆಯ ದಿನ, ಹೀಗೆ 42ನೆಯ ದಿನದವರೆಗೆ ಆರು ಸಲ ಹೋಗಿ, ಮಗುವನ್ನು ತೂಕ ಮಾಡಿ, ಜ್ವರ ನೋಡಿ, ಎಲ್ಲವನ್ನೂ ನಮೂನೆಯಲ್ಲಿ ತುಂಬಿದರೆ ಒಟ್ಟು 250 ರೂಪಾಯಿ. ಆರು ಭೇಟಿಗೂ ಸೇರಿ 250. ಆ ಮನೆ ಗುಡ್ಡದಾಚೆ ಇದ್ದರೂ ಅಷ್ಟೇ, ಆಟೋ ಖರ್ಚು ಅವಳದೇ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದ ಮೇಲೆ ಎಲ್ಲ ಸೇರಿ ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಸಿಕ್ಕಿತು. ಅವಳ ಕೈಗೆ ಈಗ ನಿಜವಾಗಿ ಎಷ್ಟು ಬರುತ್ತಿದೆ ಎಂದು ನಮ್ಮ ಮನೆಯಲ್ಲೇ ಎಷ್ಟು ಜನ ಕೇಳಿದ್ದೇವೆ?

ದೊಡ್ಡಪ್ಪ, ಕಂಪನಿ ಕೆಲಸ ಬೇಡ ಎಂಬುದು ನನ್ನ ಅಭಿಪ್ರಾಯವಲ್ಲ. ಹುಡುಗನಿಗೆ ಪ್ರೋಗ್ರಾಮಿಂಗ್‌ನಲ್ಲಿ ನಿಜವಾದ ಆಸಕ್ತಿಯಿದ್ದು, ಕಂಪನಿ ಸೇರಿದ ಮೇಲೂ ಕಲಿಯುತ್ತಲೇ ಇದ್ದರೆ ನಾಲ್ಕೈದು ವರ್ಷಗಳಲ್ಲಿ ಅವನ ಸಂಬಳ ಪವರ್‌ಮ್ಯಾನ್ ಸಂಬಳವನ್ನು ಬಹಳ ಹಿಂದೆ ಹಾಕಬಹುದು. ಅಂಥವರ ಪಟ್ಟಿಯನ್ನೂ ನಾನೇ ಮಾಡುತ್ತೇನೆ. ಆದರೆ ಕಲಿಕೆ ನಿಂತವರನ್ನು ಕಂಪನಿ ಮೂರು ತಿಂಗಳ ನೋಟಿಸ್ ಕೊಟ್ಟು ಕಳುಹಿಸಿದ್ದನ್ನೂ ನೋಡಿದ್ದೇನೆ. ಅಣ್ಣ ಹೇಳುವ ಪ್ರಕಾರ ಹುಡುಗನಿಗೆ ಊರಿನಲ್ಲಿರುವ ಮನಸ್ಸಿದೆ, ಕಂಬ ಹತ್ತುವುದನ್ನು ಅವನು ಗದ್ದೆಯ ಬಳಿ ನಿಲ್ಲಿಸಿದ ಹಳೆಯ ಕಂಬದ ಮೇಲೆ ಅಭ್ಯಾಸ ಮಾಡಿ ಕಲಿತ. ಇಂಥವನಿಗೆ ನಾಲ್ಕು ಜನ ಏನೆನ್ನುತ್ತಾರೋ ಎಂಬ ಕಾರಣಕ್ಕೆ ಆ ಪತ್ರವನ್ನು ಬಿಟ್ಟುಬಿಡು ಎಂದು ನಾವು ಹೇಳುವುದು ತಪ್ಪು. ನಿರ್ಧಾರ ಅವನದಾಗಲಿ, ನಾವು ಸರಿಯಾದ ಲೆಕ್ಕವನ್ನಷ್ಟೇ ಅವನ ಮುಂದಿಡೋಣ.

ಅಣ್ಣಾ, ಕಂಪನಿಯ ಪತ್ರದ ಕೊನೆಯಲ್ಲಿ ಸಂಬಳದ ವಿವರದ ಪುಟವೊಂದು ಇರುತ್ತದೆ. ಅದರ ಫೋಟೋವನ್ನು ನನಗೆ ಬೇರೆಯಾಗಿ ಕಳುಹಿಸು, ಗುಂಪಿಗೆ ಹಾಕಬೇಡ. ವೇರಿಯಬಲ್ ಎಷ್ಟು, ಬಾಂಡ್ ಎಷ್ಟು ವರ್ಷದ್ದು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂಬುದನ್ನು ನೋಡಿ ಹೇಳುತ್ತೇನೆ. ಮೆಸ್ಕಾಂ ಪತ್ರದಲ್ಲಿ ವರದಿ ಮಾಡಿಕೊಳ್ಳಲು ಕೊನೆಯ ದಿನಾಂಕ ಯಾವುದೆಂದು ಇವತ್ತೇ ನೋಡಿಬಿಡು. ಆ ದಿನಾಂಕ ದಾಟಿದ ಮೇಲೆ ನಾವು ಏನು ಮಾತನಾಡಿಕೊಂಡರೂ ಉಪಯೋಗವಿಲ್ಲ.