ಸಹಾಯ ಬೇಕು: ಟ್ರೈಲರ್ ಬ್ರೇಕ್ ಕಂಟ್ರೋಲರ್‌ನ ಕೆಂಪು ವೈರ್ ಎಲ್ಲಿಗೆ ಕೊಡಲಿ?

ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮ ತೋಟ. ಕಾಫಿ ಮೂಟೆ ತುಂಬಿದ ಟ್ರೈಲರ್ ಸಂಪಾಜೆ ಘಾಟಿ ಇಳಿಯುವಾಗ ಪಿಕಪ್ಪನ್ನು ಹಿಂದಿನಿಂದ ತಳ್ಳುತ್ತದೆ, ಭಯ ಆಗುತ್ತದೆ. ಅದಕ್ಕೇ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ (ಪಿಕಪ್ಪಿನಿಂದಲೇ ಟ್ರೈಲರಿನ ಬ್ರೇಕ್ ಹಿಡಿಸುವ ಸಾಧನ) ಕೂರಿಸುತ್ತಿದ್ದೇನೆ.

ಕಪ್ಪು ವೈರ್ ಬ್ಯಾಟರಿ ಪ್ಲಸ್‌ಗೆ, ಬಿಳಿ ಮೈನಸ್‌ಗೆ, ನೀಲಿ ಟ್ರೈಲರ್ ಬ್ರೇಕಿಗೆ ಕೊಟ್ಟಾಗಿದೆ. ಕಂಟ್ರೋಲರ್ ಲಿವರ್ ಒತ್ತಿದರೆ ಟ್ರೈಲರ್ ಚಕ್ರ ಗಟ್ಟಿಯಾಗಿ ಹಿಡಿಯುತ್ತದೆ. ಪೆಡಲ್ ತುಳಿದರೆ ಮಾತ್ರ ಏನೂ ಆಗುವುದಿಲ್ಲ.

ಕೆಂಪು ವೈರಿಗೆ ಪೆಡಲ್ ತುಳಿದಾಗ ಮಾತ್ರ 12 ವೋಲ್ಟ್ ಬರಬೇಕು, ಅಲ್ವಾ? ಪೆಡಲ್ ಹತ್ತಿರದ ಸ್ವಿಚ್‌ನ ವೈರುಗಳಿಗೆಲ್ಲ ಮೀಟರ್ ಹಿಡಿದು ನೋಡಿದೆ. ತುಳಿದಾಗ ಬದಲಾಗುವ ವೈರಿನಲ್ಲಿ ಬರುವುದು ಬರೀ 5 ವೋಲ್ಟ್. ಆದರೆ ಹಿಂದಿನ ಬ್ರೇಕ್ ಲೈಟ್ ಚೆನ್ನಾಗೇ ಉರಿಯುತ್ತದೆ. ಸ್ವಿಚ್ಚಿನ ಸಿಗ್ನಲ್ ಇಸಿಯುಗೆ (ಗಾಡಿಯ ಕಂಪ್ಯೂಟರಿಗೆ) ಹೋಗುತ್ತಿರಬೇಕು. ಸುಮ್ನೆ ಕೈ ಹಾಕಿ ಅದನ್ನು ಸುಡಲು ಮನಸ್ಸಿಲ್ಲ.

ಕೆಂಪು ವೈರನ್ನು ಬ್ರೇಕ್ ಲೈಟಿನ ವೈರಿಗೇ ಸೇರಿಸಬಹುದಾ, ಇಲ್ಲಾ ನಡುವೆ ರಿಲೇ (ಸಣ್ಣ ಕರೆಂಟಿನಿಂದ ಬೇರೆ ಲೈನನ್ನು ಆನ್ ಮಾಡುವ ಸ್ವಿಚ್) ಹಾಕಲೇಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.