ಸಹಾಯ ಬೇಕು: ವಿಪ್‌ಟೇಲ್ ಮೀನು ಮೊಟ್ಟೆ ಇಟ್ಟೈತಿ, ಟ್ಯಾಂಕ್ ನೀರು ಕಾದೈತಿ

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮೂರು ರಾಯಚೂರು. ಮೂರಡಿ ಟ್ಯಾಂಕಿನಾಗ ರೆಡ್ ಲಿಜರ್ಡ್ ವಿಪ್‌ಟೇಲ್ ಜೋಡಿ ಐತಿ. ತಳಕ್ಕ ಸಣ್ಣ ಮರಳು, ಒಂದು ಕಟ್ಟಿಗಿ, ಎರಡು ಪಿವಿಸಿ ಪೈಪ್ ತುಂಡು.

ಒಂದು ಪೈಪಿನಾಗ ಈಗ ಗಂಡು ಮೊಟ್ಟಿ ಕಾಯಾಕ ಕುಂತೈತಿ. ಟಾರ್ಚ್ ಹಿಡಿದು ನೋಡಿದ್ರ ತಿಳಿ ಹಸಿರು ಗುಂಡು, ಒಂದಕ್ಕೊಂದು ಅಂಟಿಕೊಂಡಾವ. ಅದರ ಮ್ಯಾಲೆ ಅಡ್ಡ ಬಿದ್ದು ರೆಕ್ಕಿ ಆಡಿಸ್ತಾ ಇರ್ತದ, ಸೌತೆಕಾಯಿ ಹಾಕಿದ್ರೂ ಹೊರಗ ಬರವಲ್ದು. ಈ ಜಾತಿಯೊಳಗ ಬಾಣಂತನ ಎಲ್ಲಾ ಗಂಡಿಂದೇ, ಅದಕ್ಕ ಅದರ ಚಿಂತಿ ಇಲ್ಲ.

ಚಿಂತಿ ನೀರಿಂದು. ಇವಕ್ಕ 24ರಿಂದ 28 ಡಿಗ್ರಿ ಇದ್ರ ಆರಾಮ. ನಮ್ಮಲ್ಲಿ ಮಧ್ಯಾಹ್ನ 33 ತೋರಸ್ತದ. ನೀರು ಕಾದಷ್ಟೂ ಆಕ್ಸಿಜನ್ ಕಮ್ಮಿ, ಅದರಾಗ ಕರೆಂಟ್ ಹೋದ್ರ ಏರ್ ಪಂಪೂ ಬಂದ್. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚೀನಿ, ಸ್ವಲ್ಪ ಇಳೀತದ, ಆದ್ರ ನೀರು ಆರಿ ಹೋಗ್ತದ. ಕಮ್ಮಿ ಆಗಿದ್ದಕ್ಕ ಬೋರ್ ನೀರು ಹಾಕ್ಕೋತ ಹೋದ್ರ ಗಡಸುತನ ಏರ್ತದ, ಅದಕ್ಕ ಆರ್‌ಓ ನೀರು ಹಾಕಾಕತ್ತೀನಿ.

ಐಸ್ ಬಾಟ್ಲಿ ತೇಲಿ ಬಿಟ್ರ ಉಷ್ಣತೆ ಏರಿಳಿತಾಗಿ ಮೊಟ್ಟಿ ಕೆಡ್ತಾವೇನು? ಗಂಡು ಕುಂತಾಗ ನೀರು ಬದಲಿ ಮಾಡಬಹುದಾ, ಎಷ್ಟು? ಅಂಗಡಿಯವ್ರು ಮೆಥಿಲೀನ್ ಬ್ಲೂ (ಮೊಟ್ಟಿಗೆ ಬೂಷ್ಟು ಹಿಡೀದಂಗ ಹಾಕೋ ನೀಲಿ ಔಷಧ) ಹಾಕ್ರಿ ಅಂದ್ರು. ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾಕ್ಕ ಪೆಟ್ಟು ಅಂತ ನಾ ಹಾಕಿಲ್ಲ.

ಬಳ್ಳಾರಿ, ಕೊಪ್ಪಳ ಕಡೆ ಬ್ಯಾಸಗ್ಯಾಗ ಇವನ್ನ ಮರಿ ಮಾಡಿಸಿದವ್ರು ಯಾರಾದ್ರೂ ಇದ್ರ ದಯವಿಟ್ಟು ಹೇಳ್ರಿ. ಮರಿಗೆ ಮೊದಲ ವಾರ ಏನು ತಿನಿಸಿದ್ರಿ ಅನ್ನೋದೂ ಬೇಕು.