ವೇಬ್ರಿಜ್ ಮ್ಯಾಲೆ ಎಂಜಿಬಿ

ಬಳ್ಳಾರಿ ರಾಯಲ್ ಸರ್ಕಲ್ ಕಡೆ ಒಗ್ಗರಣಿ-ಮಿರ್ಚಿ ಬಂಡಿ ಮುಂದೆ ಮೂವರು. ಮಾತಿಗೆ ಸಿಕ್ಕಿದ್ದು 1965ರ ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರು: ಪೆಟ್ರೋಲ್ ಎಂಜಿನ್ ತೆಗೆದು ಎಲೆಕ್ಟ್ರಿಕ್ ಮಾಡೋದು ಹೆಂಗ ಅಂತ.

"ಎಂಜಿನ್ ಬಿಚ್ಚು, ಮೋಟಾರ್ ಕೂಡ್ಸು, ವೈರ್ ಕೊಡು. ಮಿಕ್ಸಿ ರಿಪೇರಿ ಇದ್ದಂಗ," ಅಂದ್ರು ಕಾಕಾ.

ಫಿಟ್ಟರ್ ತಲಿ ಅಲ್ಲಾಡಿಸಿದ. "ಮಿಕ್ಸಿ ಕೆಟ್ರ ಚಟ್ನಿ ಆಗಂಗಿಲ್ಲ ಕಾಕಾ. ಇದು ಕೆಟ್ರ ನಾವ ಚಟ್ನಿ. ಬಿಚ್ಚೋಕ್ಕಿಂತ ಮೊದ್ಲ ತೂಗಬೇಕು, ಬ್ಯಾಟರಿ ಕೂಡ್ಸಿದ ಮ್ಯಾಲೂ ಹಿಂದು-ಮುಂದಿನ ಭಾರ ಹಂಗ ಉಳೀಬೇಕಲ್ಲ. ಮುಂದಿನ ಗಾಲಿ ಅಷ್ಟ ಒಮ್ಮೆ, ಪೂರ್ತಿ ಗಾಡಿ ಒಮ್ಮೆ. ಕಳದ್ರ ಹಿಂದಿನ ಭಾರ ಸಿಕ್ತು."

"ಅದಿರು ಲಾರಿ ತೂಗೋ ವೇಬ್ರಿಜ್ಜಿಗೆ ಹೋದ್ರಾತು."

"ಹೋಗಬಹುದು, ಹತ್ತು ಕಿಲೋ ಆಚೀಚೆ ತೋರಿಸಿದ್ರೂ ನಡೀತೈತಿ. ನೀವು ಮಾತ್ರ ಇಳದು ನಿಲ್ರಿ."

ಮೇಷ್ಟ್ರು ಪೇಪರ್ ಪ್ಲೇಟಿನ ಹಿಂದೆ ಲೆಕ್ಕ ಬರೆದ್ರು. "280 ಆಂಪಿಯರ್-ಅವರ್ ಎಲ್‌ಎಫ್‌ಪಿ, ಅಂದ್ರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೆಲ್, 3.2 ವೋಲ್ಟ್. 32 ಸೆಲ್ ಸಾಲಾಗಿ ಜೋಡಿಸಿದ್ರ 102 ವೋಲ್ಟ್, 28.7 ಯೂನಿಟ್. ಒಂದೊಂದು ಐದೂವರೆ ಕಿಲೋ ಹತ್ರ, ಒಟ್ಟು 173. ಕಿಲೋಮೀಟರಿಗೆ 150 ವ್ಯಾಟ್-ಅವರ್ ಹಿಡೀರಿ, ನೂರಕ್ಕೆ ಎಂಬತ್ತು ಪಾಲು ಅಷ್ಟ ಬಳಸ್ರಿ: 150 ಕಿಲೋಮೀಟರ್. ಹಂಪಿಗೆ ಹೋಗಿ ಬರಬಹುದು, ಆದ್ರ ದಾರಿ ತಪ್ಪಬಾರದು."

"ಎಲ್ಲಾ ಸೆಲ್ ಡಿಕ್ಕಿಯಾಗ ತುಂಬ್ರಿ ಹಂಗಾರ."

"ತುಂಬಿದ್ರ ಹಿಂದಿನ ಪಟ್ಟಾ ಕುಸೀತಾವು, ಮುಂದಿನ ಲೈಟು ಚುಕ್ಕಿ ಎಣಸ್ತಾವು. ಅರ್ಧ ಎಂಜಿನ್ ಇದ್ದ ಜಾಗಕ್ಕ, ಅರ್ಧ ಪೆಟ್ರೋಲ್ ಟ್ಯಾಂಕ್ ಇದ್ದ ಜಾಗಕ್ಕ. ಜೋಡಿಸೋಕ್ಕಿಂತ ಮೊದ್ಲ ಅಷ್ಟೂ ಸೆಲ್ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಕಟ್ಟಿ 3.65 ವೋಲ್ಟಿಗೆ ಏರಿಸಿ ಸಮ ಮಾಡ್ರಿ. ಇಲ್ಲಾಂದ್ರ ಒಂದು ಸೆಲ್ ಮೊದ್ಲ ತುಂಬತೈತಿ, ಸೆಲ್ ಕಾಯೋ ಬೋರ್ಡು, ಬಿಎಂಎಸ್, ಚಾರ್ಜರ್ ನಿಲ್ಲಿಸತೈತಿ, ಉಳಿದ 31 ಅರೆಹೊಟ್ಟಿ."

ಫಿಟ್ಟರ್ ಮಿರ್ಚಿ ಮುರಿದ. "ನಿಜವಾದ ಕೆಲಸ ಗೇರ್‌ಬಾಕ್ಸ್ ಕಡೆ ಐತಿ. ಹಳೇ ಎಂಜಿನ್ ಟಾರ್ಕ್, ಅಂದ್ರ ತಿರುಗಿಸೋ ಬಲ, 149 ನ್ಯೂಟನ್-ಮೀಟರ್. ಇಂಥ ಗಾಡಿಗೆ ಕೂಡ್ಸೋ ಎಲೆಕ್ಟ್ರಿಕ್ ಮೋಟಾರ್ 235 ತನಕ ಕೊಡಬಹುದು, ಅದೂ ನಿಂತ ಜಾಗದಿಂದ. ಮೋಟಾರಿಗೆ ಕರೆಂಟು ಅಳೆದು ಕೊಡೋ ಕಂಟ್ರೋಲರಿನಾಗ ಮೊದ್ಲ 150ಕ್ಕ ಕಟ್ಟಿಹಾಕ್ಬೇಕು. ಬಿಟ್ರ ಹಿಂದಿನ ಗಾಲಿ ತಿರುಗಿಸೋ ಹಾಫ್‌ಶಾಫ್ಟ್ ಮುರೀಬಹುದು. ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ಪ್ಲೇಟು, ಕಪ್ಲರು ಡಯಲ್ ಗೇಜ್ ಇಟ್ಟು ನೋಡ್ರಿ, 0.05 ಮಿಮೀ ದಾಟಿ ಓಲಾಡಿದ್ರ ಇನ್‌ಪುಟ್ ಬೇರಿಂಗ್ ಮೊದ್ಲ ಕೂಗತೈತಿ, ಆಮೇಲೆ ಸಾಯತೈತಿ."

"ಕರೆಂಟು ಹಾಕ್ತಿದ್ದಂಗ ಟಪ್ ಅಂತೈತಲ್ಲ, ಅದೇನದು?"

"ಪ್ರೀಚಾರ್ಜ್ ರೆಸಿಸ್ಟರ್ ಮರೆತದ್ದು," ಅಂದ್ರು ಮೇಷ್ಟ್ರು. "ಕಂಟ್ರೋಲರ್ ಒಳಗಿನ ಕೆಪಾಸಿಟರ್ ಖಾಲಿ ಇದ್ದಾಗ ಕರೆಂಟು ಒಮ್ಮೆಲೆ ನುಗ್ತೈತಿ, ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಸ್ವಿಚ್ಚು ಬೆಸುಗೆ ಹಿಡೀತೈತಿ. ಮತ್ತೆ ಬಿಡಿಸಾಕ ಆಗಂಗಿಲ್ಲ. ರೆಸಿಸ್ಟರ್ ದಾರಿಯಾಗ ಮೊದ್ಲ ತುಂಬಿ, ಆಮೇಲೆ ಕಾಂಟ್ಯಾಕ್ಟರ್ ಕೂಡಸ್ರಿ. ಫ್ಯೂಸು ಡಿಸಿಗೆ ಅಂತ ಮಾಡಿದ್ದೇ ಬೇಕು, ಬ್ಯಾಟರಿ ಹತ್ರನೇ. ಎಸಿ ಫ್ಯೂಸಿಗೆ ಡಿಸಿ ಕಿಡಿ ಆರಸಾಕ ಬರಂಗಿಲ್ಲ."

"ಇನ್ನೊಂದು ಐತಿ," ಅಂದ ಫಿಟ್ಟರ್. "1967ರ ತನಕ ಈ ಎಂಜಿಬಿಗೆ ಪಾಸಿಟಿವ್ ಅರ್ಥ್. ಬಾಡಿನೇ ಪ್ಲಸ್! ದೊಡ್ಡ ಬ್ಯಾಟರಿಯಿಂದ ಲೈಟಿಗೆ, ಹಾರ್ನಿಗೆ 12 ವೋಲ್ಟ್ ಮಾಡೋ ಡಿಸಿ-ಡಿಸಿ ಕನ್ವರ್ಟರ್ ಹಾಕಿ ಮೈನಸ್ ಅಂತ ನಂಬಿ ಬಾಡಿಗೆ ಕೊಟ್ರ ಹೊಗಿನ ಬರೋದು. ಮೊದ್ಲ 12 ವೋಲ್ಟ್ ಕಡೆ ಅಷ್ಟೂ ನೆಗೆಟಿವ್ ಅರ್ಥಿಗೆ ತಿರುವಬೇಕು."

"ಮನಿಯಾಗ ಚಾರ್ಜು?"

"3.3 ಕಿಲೋವ್ಯಾಟ್ ಚಾರ್ಜರ್, ಖಾಲಿಯಿಂದ ಒಂಬತ್ತು ತಾಸು," ಅಂದ್ರು ಮೇಷ್ಟ್ರು. "14 ಆಂಪಿಯರ್ ರಾತ್ರಿಯಿಡೀ ಎಳೀತೈತಿ. ಗೀಸರ್ ಪ್ಲಗ್ಗಿಗೆ ಚುಚ್ಚಬ್ಯಾಡ್ರಿ, 4 ಸ್ಕ್ವೇರ್ ಎಂಎಂ ವೈರಿನ ಬ್ಯಾರೆ ಲೈನ್, ಕರೆಂಟು ಸೋರಿದ್ರ ಲೈನ್ ಕಡಿಯೋ 30 ಮಿಲಿಆಂಪಿಯರ್ ಆರ್‌ಸಿಬಿಒ. ಬ್ಯಾಸಿಗಿಯಾಗ ಬಿಸಿಲಿಗೆ ನಿಂತ ಗಾಡಿಗೆ ಮಧ್ಯಾಹ್ನನೇ ಹಚ್ಚಬ್ಯಾಡ್ರಿ, ಸೆಲ್ ತಣ್ಣಗಾಗ್ಲಿ."

ಕಾಕಾ ಬೆರಳು ನೆಕ್ಕಿದ್ರು. "ಇಷ್ಟೆಲ್ಲಾ ಆದ ಮ್ಯಾಲೆ ವಿಂಟೇಜ್ ನಂಬರ್ ಸಿಗತೈತಿ?"

"ವಿಂಟೇಜ್ ಲೆಕ್ಕಕ್ಕ 50 ವರ್ಷ ದಾಟಿರಬೇಕು, ಮೂಲ ರೂಪದಾಗ ಇರಬೇಕು. ಎಂಜಿನ್ನೇ ಇಲ್ಲ ಅಂದ ಮ್ಯಾಲೆ ಎಲ್ಲಿಂದ ಸಿಗತೈತಿ? ಎಲೆಕ್ಟ್ರಿಕ್ ಕಿಟ್ಟಿಗೆ ಎಐಎಸ್-123 ಅನ್ನೋ ಮಾನದಂಡದ ಒಪ್ಪಿಗಿ ಇರಬೇಕು, ಆರ್‌ಸಿಯಾಗ ಬದಲಾವಣೆ ಬರಸಬೇಕು. ಇಷ್ಟು ಹಳೇ ಗಾಡಿಗೆ ಅದು ಆಗತೈತೋ ಇಲ್ಲೋ ಆರ್‌ಟಿಒಗೆ ಮೊದ್ಲ ಕೇಳು, ಆಮೇಲೆ ಪಾನಾ ಹಿಡಿ. ಬಿಚ್ಚಿದ ಎಂಜಿನ್ ಗುಜರಿಗೆ ಹಾಕಬ್ಯಾಡ."

"ಅಂದ್ರ ಹಳೇದು ಅಲ್ಲ, ಹೊಸಾದೂ ಅಲ್ಲ. ಹಲ್ಲು ಕಟ್ಟಿಸ್ಕೊಂಡ ಮುದುಕ," ಅಂದ್ರು ಕಾಕಾ. "ಏ ತಮ್ಮಾ, ಇನ್ನೆರಡು ಮಿರ್ಚಿ ಹಾಕು. ಮೆತ್ತಗಿರೋವು."